ಬಾನಿಯಲ್ಲಿ ಸಿಕ್ಕ ಚಂದ್ರ

ಲಂಡನ್ನಿನ ಮಗಳ ಮನೆಯಲ್ಲಿದ್ದಾಗ ಅಗ್ಗದ ವಿಮಾನ ಹುಡುಕಿ ಟಿಕೆಟ್ ಕೊಂಡವನು ನಾನೇ. ಅದರಲ್ಲಿ ‘ಮ್ಯೂನಿಕ್ ವೆಸ್ಟ್’ ಎಂದಿತ್ತು. ನಮ್ಮ ರಾಜಾಜಿನಗರದ ಹಾಗೆ ಇದೂ ಊರಿನ ಪಶ್ಚಿಮದ ಬಡಾವಣೆ ಇರಬೇಕೆಂದುಕೊಂಡೆ. ದರ ಕಂಡು ಮಗಳು ಹುಬ್ಬೇರಿಸಿದಳು. ನಾನು ಮೀಸೆ ತಿರುವಿದೆ.

ಇಂಥ ವಿಮಾನಗಳಲ್ಲಿ ಮನುಷ್ಯರಿಗಿಂತ ಚೀಲಕ್ಕೆ ಗೌರವ ಹೆಚ್ಚು. ಗೇಟಿನ ಬಳಿ ಒಂದು ಕಬ್ಬಿಣದ ಚೌಕಟ್ಟು. ಚೀಲ ಅದರೊಳಗೆ ಇಳಿಯದಿದ್ದರೆ ಟಿಕೆಟ್ಟಿಗಿಂತ ದಂಡವೇ ದುಬಾರಿ. ನನ್ನವಳು ಮೂರು ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟಳು. ಚಟ್ನಿಪುಡಿ, ಅವಲಕ್ಕಿ, ನಿಪ್ಪಟ್ಟುಗಳು ನನ್ನ ಕೋಟಿನ ಜೇಬು ಸೇರಿದವು. ಚೀಲ ಪಾಸಾಯಿತು. ಸದ್ಯ, ನಮ್ಮಿಬ್ಬರನ್ನು ಆ ಚೌಕಟ್ಟಿನಲ್ಲಿ ಕೂರಿಸಿ ನೋಡಲಿಲ್ಲ.

ಇಳಿದ ಊರು ಮೆಮ್ಮಿಂಗೆನ್. ಬವೇರಿಯಾದ ಆಲ್ಗಾಯ್ ಸೀಮೆ. ಹಿಂದೆ ವಾಯುಪಡೆಯ ನೆಲೆಯಾಗಿದ್ದ ನಿಲ್ದಾಣ, ಸುತ್ತ ಹುಲ್ಲುಗಾವಲು. ಮ್ಯೂನಿಕ್ ಎಲ್ಲಿ ಎಂದು ವಿಚಾರಿಸಿದರೆ ಸುಮಾರು 110 ಕಿಲೋಮೀಟರ್ ಎಂಬ ಉತ್ತರ ಬಂತು. ಬೆಂಗಳೂರಿಗೆ ಟಿಕೆಟ್ ತೆಗೆದುಕೊಂಡವನು ಬೆಳ್ಳೂರು ಕ್ರಾಸ್‌ನಲ್ಲಿ ಇಳಿದ ಹಾಗಾಯಿತು.

“ಪಶ್ಚಿಮ ಅನ್ನೋದೇನೂ ಸುಳ್ಳಲ್ಲ ಬಿಡಿ” ಎಂದಳು, ಒಂದೊಂದೇ ಸ್ವೆಟರು ಬಿಚ್ಚುತ್ತ.

ಆ ರಾತ್ರಿ ಅಲ್ಲೇ ತಂಗಿದೆವು. ಊರಿಗೊಂದು ಹಳೆಯ ಕಥೆಯಿದೆ. ನೀರು ತುಂಬಿದ ಬಾನಿಯಲ್ಲಿ ಚಂದ್ರನನ್ನು ಕಂಡ ಊರವರು ಬಲೆ ತಂದು ಹಿಡಿಯಲು ಹೋದರಂತೆ. ಅಲ್ಲಿಯ ಆಡುಮಾತಿನಲ್ಲಿ ಚಂದ್ರನಿಗೆ ‘ಮೌ’ ಎನ್ನುತ್ತಾರೆ. ‘ಮೆಮ್ಮಿಂಗರ್ ಮೌ’ ಎಂಬ ಹೆಸರು ಊರಿಗೇ ಅಂಟಿಕೊಂಡಿದೆ. ಕಥೆ ಕೇಳಿ ನಾನು ಜೋರಾಗಿ ನಕ್ಕೆ. ನನ್ನವಳು ನಗದೆ ನನ್ನನ್ನೇ ನೋಡಿದಳು.

ಮರುದಿನ ರೈಲು ಬದಲಿಸುತ್ತ ಫ್ಯೂಸೆನ್ ತಲುಪಿ, ಬಸ್ಸು ಹಿಡಿದು, ಬೆಟ್ಟ ಹತ್ತಿ ನೋಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋದೆವು. ಎರಡನೆಯ ಲುಡ್ವಿಗ್ ದೊರೆ ಇದನ್ನು 1869ರಲ್ಲಿ ಕಟ್ಟಲು ತೊಡಗಿದ್ದು ಜನರ ಕಣ್ಣು ತಪ್ಪಿಸಿ ಒಬ್ಬನೇ ಇರಲು. ಸಾಲದ ಮೇಲೆ ಸಾಲ ಮಾಡಿಯೂ ಅವನು ಇಲ್ಲಿ ಕಳೆದದ್ದು 172 ದಿನ ಮಾತ್ರ. 1886ರಲ್ಲಿ ಅವನು ತೀರಿಕೊಂಡ ಏಳೇ ವಾರಕ್ಕೆ ಟಿಕೆಟ್ ಇಟ್ಟು ಬಾಗಿಲು ತೆರೆದರು. ಯಾರೂ ಬರಬಾರದೆಂದು ಅವನು ಕಟ್ಟಿಸಿದ ಮನೆಗೆ ಈಗ ಗಂಟೆ ನಿಮಿಷ ನಮೂದಿಸಿದ ಟಿಕೆಟ್ ಹಿಡಿದು ಜನ ಸಾಲು ನಿಲ್ಲುತ್ತಾರೆ. ಹೇಳಿದ ವೇಳೆಗೆ ಹಾಜರಾಗದಿದ್ದರೆ ಒಳಗೆ ಬಿಡುವುದಿಲ್ಲ.

ಸಿಂಹಾಸನದ ಸಭಾಂಗಣಕ್ಕೆ ಬಂದೆವು. ಅಮೃತಶಿಲೆಯ ಮೆಟ್ಟಿಲು, ಚಿನ್ನದ ಬಣ್ಣದ ಗೋಡೆ, ದೊಡ್ಡ ದೀಪಗುಚ್ಛ. ಮೆಟ್ಟಿಲ ಮೇಲೆ ಏನೂ ಇಲ್ಲ. ದೊರೆ ಸತ್ತಮೇಲೆ ಸಿಂಹಾಸನ ಮಾಡಿಸುವವರೇ ಇರಲಿಲ್ಲ.

“ಅವನಿಗೆ ಸಿಂಹಾಸನ ಇಲ್ಲದ ಸಭೆ, ನಿಮಗೆ ಮ್ಯೂನಿಕ್ ಇಲ್ಲದ ಮ್ಯೂನಿಕ್” ಎಂದಳು ನನ್ನವಳು.

ಕೆಳಗಿಳಿದು ಬೆಂಚಿನ ಮೇಲೆ ಕೂತು, ಜೇಬಿನಲ್ಲಿ ಪುಡಿಪುಡಿಯಾಗಿದ್ದ ನಿಪ್ಪಟ್ಟನ್ನು ಚಮಚದಲ್ಲಿ ತಿನ್ನುತ್ತ ನಕ್ಷೆ ನೋಡಿದೆ. ಈ ಅರಮನೆಗೆ ಮ್ಯೂನಿಕ್‌ಗಿಂತ ಮೆಮ್ಮಿಂಗೆನ್ನೇ ಹತ್ತಿರ! ಮೊದಲೇ ಲೆಕ್ಕ ಹಾಕಿ ಟಿಕೆಟ್ ತೆಗೆದವನಂತೆ ಅವಳಿಗೆ ತೋರಿಸಿದೆ.

“ಅಂತೂ ಬಾನೀಲಿ ಚಂದ್ರ ಸಿಕ್ಕಿಬಿಟ್ಟ ಅನ್ನಿ” ಎಂದು ಚಮಚ ಕಸಿದುಕೊಂಡಳು.

ಓದುಗರೇ, ಟಿಕೆಟ್ಟಿನಲ್ಲಿ ಊರಿನ ಹೆಸರಿನ ಪಕ್ಕ ದಿಕ್ಕಿನ ಹೆಸರು ಕಂಡರೆ ದುಡ್ಡು ಕಟ್ಟುವ ಮೊದಲು ನಕ್ಷೆ ನೋಡಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.