ಕಡಲೆ ಇದೆ, ಹಲ್ಲಿಲ್ಲ

ನಮ್ಮ ದೇಶದಲ್ಲಿ ಹಲ್ಲಿನ ಡಾಕ್ಟರಾಗಬೇಕಾದರೆ ನೀಟ್ ಬರೆಯಬೇಕು. ಅದರ 720 ಅಂಕಗಳಲ್ಲಿ ಸರಿಯಾಗಿ ಅರ್ಧ, ಅಂದರೆ 360, ಜೀವಶಾಸ್ತ್ರದ ಪಾಲು. ಹೀಗಾಗಿ ಬಿಡಿಎಸ್ ಆಸೆಯ ಮಕ್ಕಳು ಭೌತಶಾಸ್ತ್ರವನ್ನು ದೇವರ ಮೇಲೆ ಹಾಕಿ, ಎನ್‌ಸಿಇಆರ್‌ಟಿಯ ಜೀವಶಾಸ್ತ್ರದ ಪುಸ್ತಕಗಳನ್ನು ಚಿತ್ರದಡಿಯ ಸಣ್ಣಕ್ಷರವನ್ನೂ ಬಿಡದೆ ಉರುಹೊಡೆಯುತ್ತಾರೆ. ಹೊಡೆಯಲಿ, ನನ್ನ ತಕರಾರು ಅದಲ್ಲ. ಇಷ್ಟೆಲ್ಲ ಓದಿನಲ್ಲಿ ಹಲ್ಲು ಎಲ್ಲಿ ಹೋಯಿತು ಎಂಬುದಷ್ಟೇ ಪ್ರಶ್ನೆ. ಮೊದಲು ಇತ್ತು. ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ ಜೀರ್ಣಕ್ರಿಯೆಯ ಅಧ್ಯಾಯವೊಂದಿತ್ತು. ಮನುಷ್ಯನಿಗೆ ಎರಡು ಸಲ ಹಲ್ಲು ಹುಟ್ಟುತ್ತದೆ, ಹಾಲುಹಲ್ಲು 20, ಆಮೇಲಿನವು 32, ಬಾಚಿ, ಕೋರೆ, ದವಡೆಗಳ ಲೆಕ್ಕಕ್ಕೊಂದು ದಂತಸೂತ್ರ, ಎಲ್ಲವೂ ಅಲ್ಲಿದ್ದವು. ಕೊರೋನಾ ಬಂದುಹೋದ ಮೇಲೆ ಹೊರೆ ಇಳಿಸುತ್ತೇವೆಂದು ಆ ಅಧ್ಯಾಯವನ್ನು ಬೇರುಸಮೇತ ಕಿತ್ತರು, ಅದೂ ಅರಿವಳಿಕೆ ಕೊಡದೆ. 2024ರ ನೀಟ್‌ನಿಂದ ಪಠ್ಯಕ್ರಮದಲ್ಲೂ ಅದಿಲ್ಲ.

ಹಾಗೆಂದು ಹಲ್ಲು ಪೂರ್ತಿ ಮಾಯವಾಗಿದೆ ಎಂದರೆ ಸುಳ್ಳಾಗುತ್ತದೆ. ಪ್ರಾಣಿಸಾಮ್ರಾಜ್ಯದ ಅಧ್ಯಾಯದಲ್ಲಿ ಶಾರ್ಕಿನ ಹಲ್ಲು ಭದ್ರವಾಗಿದೆ: ಅವು ಮಾರ್ಪಾಡಾದ ಹುರುಪೆಗಳು, ಹಿಂದಕ್ಕೆ ಬಾಗಿರುತ್ತವೆ. ನಾಳೆ ಶಾರ್ಕೊಂದು ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಂದು ಕೂತರೆ ನಮ್ಮ ಮಕ್ಕಳು ಹೆದರಬೇಕಿಲ್ಲ. ಸಸ್ತನಿಗಳ ದವಡೆಯಲ್ಲಿ ಬೇರೆಬೇರೆ ಬಗೆಯ ಹಲ್ಲುಗಳಿವೆ ಎಂಬ ಒಂದು ವಾಕ್ಯವೂ ಉಳಿದಿದೆ. ಹಸು, ತಿಮಿಂಗಿಲ, ಬಾವಲಿಗಳ ಜೊತೆ ಮನುಷ್ಯನೂ ಅದರಲ್ಲೇ ಹಂಚಿಕೊಳ್ಳಬೇಕು. ಇನ್ನು ಕಪ್ಪೆಯಂತೂ ಅಂಗಾಂಗ ಸಮೇತ ಪರೀಕ್ಷೆಗೆ ಬರುತ್ತದೆ. ಕಪ್ಪೆಗೆ ಮೇಲ್ದವಡೆಯಲ್ಲಿ ಮಾತ್ರ ಹಲ್ಲು. ಅದೂ ಅಗಿಯಲಿಕ್ಕಲ್ಲ, ಹಿಡಿದದ್ದು ಜಾರದಿರಲಿ ಎಂದು. ಉದುರಿದರೆ ಮತ್ತೆ ಹುಟ್ಟುತ್ತದೆ. ದಂತವೈದ್ಯರಿಗೆ ಇದಕ್ಕಿಂತ ನಷ್ಟದ ರೋಗಿ ಸಿಗಲಾರದು. ಸಸ್ಯಗಳ ಕಡೆ ತಿರುಗಿದರೆ ಔದಾರ್ಯವೇ ಔದಾರ್ಯ. ದಂತಸೂತ್ರ ಹೋಯಿತು, ಪುಷ್ಪಸೂತ್ರ ಉಳಿಯಿತು. ಸಾಸಿವೆ ಹೂವಿನ ಆರು ಕೇಸರಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ ಎಂಬುದು ಭಾವಿ ದಂತವೈದ್ಯೆಗೆ ಗೊತ್ತಿರಲೇಬೇಕು. ಬೆಂಡೆಯ ಕುಟುಂಬ, ಸೂರ್ಯಕಾಂತಿಯ ಕುಟುಂಬ, ರಾಗಿಯ ಕುಟುಂಬ, ಕೊನೆಗೆ ಕಡಲೆಯ ಕುಟುಂಬವೂ ಪಟ್ಟಿಯಲ್ಲಿವೆ. ನಮ್ಮ ಹಳೆಯ ಗಾದೆಯನ್ನು ಪಠ್ಯಕ್ರಮ ಸಮಿತಿಯೊಂದು ಇಷ್ಟು ಅಕ್ಷರಶಃ ಪಾಲಿಸಿದ್ದು ಬಹುಶಃ ಇದೇ ಮೊದಲು.

ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ಬಿಡಿಎಸ್ ಮೊದಲ ವರ್ಷದಲ್ಲಿ ಹಲ್ಲಿನ ರಚನೆಗೇ ಒಂದು ಇಡೀ ವಿಷಯವಿದೆ, ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ, ಈಗಲೇ ಏನು ಅವಸರ ಎನ್ನುತ್ತಾರೆ. ಹೃದಯ, ಮೂತ್ರಪಿಂಡಗಳನ್ನೂ ಎಂಬಿಬಿಎಸ್‌ನಲ್ಲಿ ಕಲಿಸುತ್ತಾರಲ್ಲ, ಅವುಗಳ ಅಧ್ಯಾಯಗಳನ್ನು ಯಾರೂ ಮುಟ್ಟಲಿಲ್ಲ. ಹೊರೆ ಇಳಿಸುವುದೇ ಉದ್ದೇಶ ಎಂಬ ವಾದವೂ ನಿಲ್ಲುವುದಿಲ್ಲ. ಮನುಷ್ಯನ ಬಾಯಿಯನ್ನು ತೆಗೆದ ಪಠ್ಯಕ್ರಮವೇ ಅಷ್ಟು ಸಸ್ಯಕುಟುಂಬಗಳನ್ನು ಹೆಸರು ಹಿಡಿದು ಕರೆದಿದೆ. ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ: ಪ್ರವೇಶ ಪರೀಕ್ಷೆ ಅಳೆಯುವುದು ಕಸುಬನ್ನಲ್ಲ, ಕೂತು ಓದುವ ತಾಳ್ಮೆಯನ್ನು, ಅದಕ್ಕೆ ಹಲ್ಲಾದರೇನು, ಸಾಸಿವೆಯಾದರೇನು? ಇದನ್ನು ಅರ್ಧ ಒಪ್ಪುತ್ತೇನೆ. ಅಮೆರಿಕದ ದಂತವೈದ್ಯ ಪ್ರವೇಶ ಪರೀಕ್ಷೆಯ ಜೀವಶಾಸ್ತ್ರದ 40 ಪ್ರಶ್ನೆಗಳಲ್ಲೂ ಹಲ್ಲಿಗೆ ಮೀಸಲಾತಿಯೇನಿಲ್ಲ. ಆದರೆ ಅಲ್ಲಿ ಆಕಾರ, ಕೋನಗಳನ್ನು ಗುರುತಿಸುವ ಕಣ್ಣಿದೆಯೇ ಎಂದು ನೋಡಲು ಬೇರೆಯೇ 90 ಪ್ರಶ್ನೆಗಳಿವೆ. ಕೆನಡಾದವರು ಕೆಲವು ವರ್ಷಗಳ ಹಿಂದಿನವರೆಗೂ ಅಭ್ಯರ್ಥಿಯ ಕೈಗೆ ಸೋಪು, ಚಾಕು ಕೊಟ್ಟು ಕೆತ್ತಿಸುತ್ತಿದ್ದರು. ನಾವು ಕೈಯನ್ನೂ ನೋಡುವುದಿಲ್ಲ, ಕಣ್ಣನ್ನೂ ನೋಡುವುದಿಲ್ಲ, ಹಲ್ಲನ್ನೂ ಕೇಳುವುದಿಲ್ಲ. ತಾಳ್ಮೆಯೊಂದನ್ನೇ ಅಳೆಯುವುದಾದರೆ ಅದನ್ನು ಹಲ್ಲಿನ ಮೇಲೇ ಅಳೆಯಬಹುದಿತ್ತು.

ನೀಟ್ ಮುಖ್ಯವಾಗಿ ಎಂಬಿಬಿಎಸ್‌ನವರದು, ದಂತದವರು ಜೊತೆಗೆ ಬರುವವರು ಎಂದು ಮೂಗೆಳೆಯುವವರಿಗೆ ಒಂದೇ ಮಾತು: ಎಂಬಿಬಿಎಸ್ ಡಾಕ್ಟರ ಮುಂದೆ ನಾಲಗೆ ಚಾಚುವ ರೋಗಿಗೂ ಬಾಯಲ್ಲಿ ಹಲ್ಲಿರುತ್ತದೆ. ಇಡೀ ಅಧ್ಯಾಯವನ್ನು ಮರಳಿ ತನ್ನಿ ಎಂದು ಮಕ್ಕಳ ಶಾಪ ಕಟ್ಟಿಕೊಳ್ಳಲಾರೆ. ದಂತಸೂತ್ರಕ್ಕೆ ಅರ್ಧ ಪುಟ ಕೊಟ್ಟರೆ ಸಾಕು. ಜಾಗ ಸಾಲದಿದ್ದರೆ ಸೂರ್ಯಕಾಂತಿಯ ಕುಟುಂಬವನ್ನು ಬಿಎಸ್ಸಿಯವರ ಮನೆಗೆ ಕಳಿಸಿಕೊಡಿ, ಅವರು ಚೆನ್ನಾಗಿ ನೋಡಿಕೊಳ್ಳುತ್ತಾರೆ.