ಓವರ್‌ಹೆಡ್ ಪ್ರೊಜೆಕ್ಟರ್

(2008ರ ಅಕ್ಟೋಬರ್ 7ರ ಒಬಾಮಾ–ಮೆಕೇನ್ ಅಧ್ಯಕ್ಷೀಯ ಚುನಾವಣಾ ಚರ್ಚೆ ಮುಗಿದು ಮೂರು ದಿನ. ಶಿಕಾಗೋದ ಒಂದು ಮನೆ. ಅಳಿಯ ಮೆಕೇನ್ ಪಕ್ಷ. ಮಾವ ಊರಿಂದ ಬಂದ ನಿವೃತ್ತ ವಿಜ್ಞಾನ ಮೇಷ್ಟ್ರು, ಅಂದರೆ ಯಾವ ಪಕ್ಷಕ್ಕೂ ಬೇಡದವರು.)

ಅಳಿಯ: ಒಂದು ಓವರ್‌ಹೆಡ್ ಪ್ರೊಜೆಕ್ಟರ್‌ಗೆ 30 ಲಕ್ಷ ಡಾಲರ್ ಕೇಳಿದ್ನಂತೆ ಮಾವ, ಒಬಾಮಾ!

ಮಾವ: ನಮ್ಮ ಹೈಸ್ಕೂಲಲ್ಲೂ ಒಂದಿತ್ತು. ಬಲ್ಬು ಹೋದಮೇಲೆ ಹೆಡ್‌ಮಾಸ್ಟ್ರು ಅದರ ಮೇಲೆ ಟಿಫನ್ ಕ್ಯಾರಿಯರ್ ಇಡ್ತಿದ್ರು. ಇದು ಎಲ್ಲೀದು?

ಅಳಿಯ: ಇಲ್ಲೇ, ಆಡ್ಲರ್ ತಾರಾಲಯದ್ದು.

ಮಾವ: ಗುಮ್ಮಟದ ನಡುವೆ ದೈತ್ಯ ಇರುವೆ ಹಾಗೆ ನಿಂತಿತ್ತಲ್ಲ, ಜೈಸ್ ಕಂಪನಿದು? ಅದಾ?

ಅಳಿಯ: ತೋರ್ಸೋದು ತಲೆ ಮೇಲೆ ತಾನೇ!

ಮಾವ: ನಲವತ್ತು ವರ್ಷದ ಯಂತ್ರವಂತೆ, ತಯಾರಿಸಿದ ಕಂಪನಿಯೇ ಕೈಬಿಟ್ಟಿದೆಯಂತೆ. ದುಡ್ಡು ಬಂತಾ?

ಅಳಿಯ: ಮಂಜೂರೇ ಆಗ್ಲಿಲ್ಲ.

ಮಾವ: ಮತ್ತೆ ಪೋಲಾಗಿದ್ದು?

ಅಳಿಯ: ಕೇಳಿದ್ದೇ ಪೋಲು!

ಮಾವ: ಮೊನ್ನೆ ಬ್ಯಾಂಕುಗಳನ್ನ ಉಳಿಸೋಕೆ ಅದೆಷ್ಟೋ ಅಂದ್ರಲ್ಲ?

ಅಳಿಯ: 70,000 ಕೋಟಿ ಡಾಲರ್. ಅದರಲ್ಲಿ ಜಗಳವಿಲ್ಲ ಮಾವ, ಸೆನೆಟ್‌ನಲ್ಲಿ ಇಬ್ಬರೂ ಒಪ್ಪಿ ಓಟು ಹಾಕಿದಾರೆ.

ಮಾವ: (ಪಂಚಾಂಗದ ಹಿಂದೆ ಗೀಚುತ್ತಾ) ಎರಡು ಲಕ್ಷದ ಮೂವತ್ಮೂರು ಸಾವಿರ ಪ್ರೊಜೆಕ್ಟರ್ ಬರ್ತಿತ್ತು ಅಳಿಯಂದ್ರೇ. ಬರಿಗಣ್ಣಿಗೆ ಕಾಣೋ ನಕ್ಷತ್ರವೇ ಸುಮಾರು 6,000. ಒಂದೊಂದಕ್ಕೆ ಒಂದೊಂದು ಕೊಟ್ರೂ ಮಿಗುತ್ತೆ.

ಅಳಿಯ: ನೀವು ಒಬಾಮಾ ಪಾರ್ಟಿ ಅನ್ನಿ!

ಮಾವ: ನಂಗೆಲ್ಲಿ ಓಟು? ವಿಸಿಟರ್ ವೀಸಾ.

ಅಳಿಯ: ಭಾಗಾಕಾರ ಮಾಡೋರೆಲ್ಲ ಆ ಪಾರ್ಟಿನೇ ಮಾವ.