ತೆಂಗಿನಕಾಯಿ ನಮ್ದ್, ಮಡ್ಲ್ ನಿಮ್ದ್

ಸಾಲಿಗ್ರಾಮಕ್ಕೆ ವರ್ಗವಾಗಿ ಬಂದವರು ಮೊದಲ ದಿನ ಬೋರ್ಡು ಹುಡುಕಿಕೊಂಡು ತಿರುಗುತ್ತಾರೆ. ಪಾಪ, ಸಿಗುವುದಿಲ್ಲ. ‘ಮನೆ ಬಾಡಿಗೆಗಿದೆ’ ಅಂತ ಗೇಟಿಗೆ ತಗಡು ಕಟ್ಟುವುದು ನಮ್ಮಲ್ಲಿ ಸ್ವಲ್ಪ ಮರ್ಯಾದೆ ಕಡಿಮೆಯ ಕೆಲಸ. ಕಟ್ಟಿದರೆ, “ಹೌದಾ, ಅವ್ರಿಗೆ ಎಂತ ಕಷ್ಟ ಬಂತ್ ಮರ್ರೆ?” ಅಂತ ನಾಲ್ಕು ಜನ ವಿಚಾರಿಸಲು ಬರುತ್ತಾರೆ. ಮನೆ ಖಾಲಿ ಇದೆ ಎಂಬ ಸುದ್ದಿ ಇರುವುದು ರಿಕ್ಷಾ ಸ್ಟ್ಯಾಂಡಿನಲ್ಲಿ, ಹಾಲಿನ ಡೈರಿಯಲ್ಲಿ, ದೇವಸ್ಥಾನದ ಎದುರಿನ ಹೂವಿನವಳ ಬುಟ್ಟಿಯಲ್ಲಿ. ಮತ್ತೆ, ನಮ್ಮ ಪಾಗಾರದಾಚೆಯ ಮಾಷ್ಟ್ರ ಹತ್ತಿರ. ಮಾಷ್ಟ್ರು ರಿಟೈರಾಗಿ ಬಹಳ ಕಾಲವಾಯಿತು. ಊರಿನ ಹಾಜರಿ ಪುಸ್ತಕ ಮಾತ್ರ ಇನ್ನೂ ಅವರ ಹತ್ತಿರವೇ ಇದೆ.

ಮೊನ್ನೆ ಬೆಳಿಗ್ಗೆ ಪಾಗಾರದ ಮೇಲೆ ಬಸಳೆ ಬಳ್ಳಿ ಎತ್ತಿ ಹಾಕುತ್ತ ಕೇಳಿದರು: “ಹ್ವಾಯ್, ಬ್ಯಾಂಕಿನ ಹುಡ್ಗ ಒಬ್ಬ ಮನಿ ಕೇಂತಿದ್ದ. ನಿಮ್ಗೆ ಗೊತ್ತಿದ್ದದ್ದ್ ಎಲ್ಲಾದ್ರೂ ಇತ್ತಾ?”

ಇದೆಯಲ್ಲ! ಬೀಗ ಹಾಕಿದ ಮನೆ ಬೇಕಾದಷ್ಟಿದೆ. ಪಾರಂಪಳ್ಳಿ, ಕಾರ್ಕಡ, ಚಿತ್ರಪಾಡಿ, ಗುಂಡ್ಮಿ, ಯಾವ ಓಣಿ ಹೊಕ್ಕರೂ ಕೆಂಪು ಹಂಚಿನ ದೊಡ್ಡ ಮನೆ, ಅಂಗಳದ ತುಂಬ ಒಣಗಿದ ಮಡಲು, ಚಾವಡಿಯ ಬಾಗಿಲಿಗೆ ಕೈಯಗಲದ ಬೀಗ. ಮನೆಯವರು ಬೆಂಗಳೂರಿನಲ್ಲಿ. ಇದೇನು ಇವತ್ತಿನ ಕಥೆಯಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ಶುರು ಮಾಡಿ, ಮುಂದೆ ಎಂಟಿಆರ್ ಅಂತ ಹೆಸರಾದ ಮಯ್ಯ ಸಹೋದರರು ಇದೇ ಪಾರಂಪಳ್ಳಿಯವರು. ಅವರ ಕಾಲದಿಂದಲೂ ಇಲ್ಲಿನ ಹುಡುಗರು ಹೋದದ್ದೇ ಹೋದದ್ದು. ಆಗ ಹೋದವರಿಗೆ ಬಾಡಿಗೆ ಮನೆಯ ತಲೆಬಿಸಿ ಇರಲಿಲ್ಲ, ಹೋಟೆಲಿನ ಅಟ್ಟವೇ ಮನೆ, ಅಕ್ಕಿ ಚೀಲವೇ ಹಾಸಿಗೆ. ಅವರ ಮಕ್ಕಳು ಬಸವನಗುಡಿಯಲ್ಲೋ ವಿಜಯನಗರದಲ್ಲೋ ಹತ್ತು ತಿಂಗಳ ಅಡ್ವಾನ್ಸು ಕೊಟ್ಟು, ಓನರ್ ಹೆಂಗಸಿನ ಹತ್ತಿರ ನೀರಿಗಾಗಿ ಜಗಳವಾಡಿ, ಕೊನೆಗೆ ಸ್ವಂತ ಫ್ಲ್ಯಾಟು ಮಾಡಿಕೊಂಡರು. ಊರ ಮನೆ ಜನವರಿಯ ತೇರಿಗೆ ಒಮ್ಮೆ, ನಾಗನ ತಂಬಿಲಕ್ಕೊಮ್ಮೆ ಬಾಗಿಲು ತೆರೆಯುತ್ತದೆ. ಉಳಿದ ದಿನ ಬಾವಲಿಗೆ ಪುಕ್ಕಟೆ.

ಹಾಗಾದರೆ ಬಾಡಿಗೆಗೆ ಕೊಡಬಹುದಲ್ಲ? ಮನೆಯೂ ಉಳಿಯುತ್ತದೆ, ಗೆದ್ದಲೂ ಹಿಡಿಯುವುದಿಲ್ಲ. ಇದನ್ನು ನೀವು ಫೋನಿನಲ್ಲಿ ಹೇಳಿ ನೋಡಿ. ಆ ಕಡೆ ಒಂದು ಕ್ಷಣ ಶಬ್ದವೇ ಇರುವುದಿಲ್ಲ. ಆಮೇಲೆ ಬರುತ್ತದೆ: “ಬೇಡ ಮರ್ರೆ. ಗೇಣಿಗೆ ಕೊಟ್ಟ ಗದ್ದಿ ಹೋಯ್ತ್. ಇನ್ನ್ ಮನಿಯೂ ಹೋಯ್ಕಾ?”

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಫಾರಂ 7 ತುಂಬಿ ಡಿಕ್ಲರೇಶನ್ ಹಾಕಿದ ಒಕ್ಕಲಿಗೆ, ಗೇಣಿ ಮಾಡುತ್ತಿದ್ದ ಗದ್ದೆ ಸ್ವಂತದ್ದಾಯಿತು. ಕರಾವಳಿಯಲ್ಲಿ ಗೇಣಿ ಗದ್ದೆಯೇ ಹೆಚ್ಚಿದ್ದದ್ದರಿಂದ ಇಲ್ಲಿ ಅದರ ಬಿಸಿ ಜೋರು ತಟ್ಟಿತು. ಆಗಬೇಕಾದದ್ದೇ ಆಯಿತು ಅಂತ ನನ್ನ ಅಭಿಪ್ರಾಯ, ಮಾಷ್ಟ್ರದ್ದೂ ಅದೇ. ಆ ಕಾನೂನಿಗೂ ಪೇಟೆಯ ಮನೆ ಬಾಡಿಗೆಗೂ ಏನೇನೂ ಸಂಬಂಧವಿಲ್ಲ. ಆದರೆ ಹೆದರಿಕೆಗೆ ಕಾನೂನು ಪುಸ್ತಕ ಓದುವ ಅಭ್ಯಾಸವಿಲ್ಲವಲ್ಲ. ಇವತ್ತಿಗೂ ಎಪ್ಪತ್ತು ದಾಟಿದ ಅಮ್ಮನೊಬ್ಬರು, ಬಾಡಿಗೆಗೆ ಬಂದವರು ಅಂಗಳದಲ್ಲಿ ನಾಲ್ಕು ಬೆಂಡೆ ಬೀಜ ಹಾಕಿದರೆ ಸಾಕು, ಮಗನಿಗೆ ಫೋನು ಮಾಡುತ್ತಾರೆ: “ಅವ್ರ್ ಸಾಗುವಳಿ ಶುರು ಮಾಡಿರ್!”

ಅಂಥವರು ಮನೆ ಕೊಟ್ಟರೂ ಪೂರ್ತಿ ಕೊಡುವುದಿಲ್ಲ. ದೇವರ ಕೋಣೆ ಅವರಿಗೆ. ಅದರ ಪಕ್ಕದ ಕತ್ತಲೆ ಕೋಣೆಯೂ ಅವರಿಗೆ. ಅದರೊಳಗೆ ಹಂಡೆ, ಕೊಪ್ಪರಿಗೆ, ಮದುವೆ ಮನೆಯ ಚಾಪೆ, ಅಜ್ಜಯ್ಯನ ಆರಾಮ ಕುರ್ಚಿ. ಬಾಡಿಗೆ ಮಾತ್ರ ಅಷ್ಟೂ ಕೋಣೆಯದ್ದು. ಷರತ್ತುಗಳು ಬೇರೆ. ಸಂಜೆ ತುಳಸಿಗೆ ದೀಪ ಇಡಬೇಕು. ನಾಗಬನದ ಕಡೆ ಬಟ್ಟೆ ಒಣಹಾಕಬಾರದು. ಇನ್ನು ತೋಟದ ವಿಚಾರ. ಒಬ್ಬರು ಓನರು ಅಗ್ರಿಮೆಂಟಿನಲ್ಲಿ ಬಾಡಿಗೆಯ ಮೊತ್ತ ಬರೆಸಲು ಮರೆತವರು ತೆಂಗಿನ ವಿಚಾರ ಮರೆಯಲಿಲ್ಲ. “ತೆಂಗಿನಕಾಯಿ ನಮ್ದ್, ಮಡ್ಲ್ ನಿಮ್ದ್.” ಬಿದ್ದ ಕಾಯಿ ಎಣಿಸಿ ಜಗಲಿಯ ಮೂಲೆಯಲ್ಲಿ ರಾಶಿ ಹಾಕಿಡಬೇಕು, ಮಡಲು, ಕೊತ್ತಳಿಗೆ ಬಚ್ಚಲ ಒಲೆಗೆ ಧಾರಾಳ ಉರಿಸಬಹುದು. ಗ್ಯಾಸ್ ಗೀಸರಿನವರಿಗೆ ಕೊತ್ತಳಿಗೆ ಯಾಕೆ ಅಂತ ಕೇಳಬೇಡಿ. ರಾತ್ರಿ ಕಾಯಿ ಬಿದ್ದ ಶಬ್ದ ಕೇಳಿ ಎದ್ದು ಟಾರ್ಚು ಹಿಡಿದುಕೊಂಡು ಹೊರಟ ಬಾಡಿಗೆದಾರರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಬಳವಿಲ್ಲದ ತೋಟದ ಕಾವಲು!

ಆ 11 ತಿಂಗಳ ಅಗ್ರಿಮೆಂಟು ಇದೆಯಲ್ಲ, ಅದರ ಮೇಲೆ ಮಾಷ್ಟ್ರದ್ದೊಂದು ಸಂಶೋಧನೆಯಿದೆ. ಒಂದು ವರ್ಷ ಮೀರಿದ ಪತ್ರವಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರರ ಕಚೇರಿಗೆ ಹೋಗಲೇಬೇಕು, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ಅಷ್ಟು ನನಗೂ ಗೊತ್ತಿತ್ತು. ಮಾಷ್ಟ್ರು ಹೇಳುವುದು ಅದಕ್ಕಿಂತ ಹಿಂದಿನದ್ದು. “ಮೂಲಗೇಣಿ ಅಂದ್ರೆ ಕಾಯಂ, ಮಕ್ಳ್ ಮೊಮ್ಮಕ್ಳ್ ತನಕ. ಚಾಲಗೇಣಿ ಅಂದ್ರೆ ವರ್ಷ ವರ್ಷ ಹೊಸ ಚೀಟಿ; ಒಕ್ಕಲ್ ಬೇರ್ ಬಿಡುಕಾಗ. ಈಗಿನ್ ಅಗ್ರಿಮೆಂಟ್ ಅದ್ರ್ ಮೊಮ್ಮಗ ಕಾಣಿ.” ಗದ್ದೆ ಕಳಕೊಂಡವರ ಮನೆಯಲ್ಲಿ ಚೀಟಿಯ ಬುದ್ಧಿ ಮಾತ್ರ ಹೋಗಲಿಲ್ಲ ಎಂಬುದು ಅವರ ಇಂಗಿತ.

ಮನೆ ಸಿಕ್ಕಿತು ಅಂತ ಇಟ್ಟುಕೊಳ್ಳಿ, ಇನ್ನು ಸಂದರ್ಶನ. ನಮ್ಮವರು ಸಭ್ಯರು, ಯಾವತ್ತೂ ಜಾತಿ ಕೇಳುವುದಿಲ್ಲ. “ಮೂಲ ಯಾವೂರಾಯ್ತ್? ಮನೆದೇವ್ರ್ ಯಾರ್?” ಅಂತ ಕೇಳುತ್ತಾರೆ. ಕರಾವಳಿಯವರಾದರೆ ಅದೂ ಬೇಡ. ಐತಾಳ, ಹೊಳ್ಳ, ಶೆಟ್ಟಿ, ಪೂಜಾರಿ, ಖಾರ್ವಿ ಅಂದ ಕೂಡಲೇ ಜಾತಕ ಬಿಚ್ಚಿಕೊಳ್ಳುತ್ತದೆ. ಕಷ್ಟ ಬರುವುದು ಘಟ್ಟದ ಮೇಲಿನವರದ್ದು. ಹೆಸರಿನ ಹಿಂದೆ ಎರಡು ಇನಿಶಿಯಲ್ಲು ಬಿಟ್ಟರೆ ಇನ್ನೇನೂ ಇಲ್ಲ. ಆಗ ಕೊನೆಯ ಬಾಣ: “ಮೀನ್ ತಿಂತ್ರಿಯಾ?” ತಿನ್ನುತ್ತೇವೆ ಅಂದರೆ ಕೆಲವು ಕಡೆ ಬಾಗಿಲು ಮುಚ್ಚಿತು. ತಿನ್ನುವುದಿಲ್ಲ ಅಂದರೆ, ಮೀನು ತಿನ್ನುವ ಓನರಿಗೂ ಒಂದು ಅನುಮಾನ: ಇವರು ನಾಳೆ ನಮ್ಮ ಅಡುಗೆ ವಾಸನೆಗೆ ಮೂಗು ಮುಚ್ಚಿಕೊಂಡರೆ? ಬೆಂಗಳೂರಿನಲ್ಲಿ ಇದೇ ಪ್ರಶ್ನೆಗೆ ಉರಿದುಬಿದ್ದವರು ಊರಿಗೆ ಬಂದು ಓನರಾದ ಮೇಲೆ ಅದನ್ನೇ ಕೇಳುವಾಗ ಅವರ ಮುಖ ನೋಡಬೇಕು, ಎಷ್ಟು ಶಾಂತ!

ಇದಕ್ಕೆಲ್ಲ ಬೇಸತ್ತವರು ಹೆದ್ದಾರಿ ಬದಿಯ ಫ್ಲ್ಯಾಟಿಗೆ ಹೋಗುತ್ತಾರೆ. ಮೊದಲು 17 ಆಗಿದ್ದು ಈಗ 66 ಆಗಿರುವ ಹೆದ್ದಾರಿ ಅಗಲವಾದ ಮೇಲೆ ಅದರ ಅಂಚಿಗೆ ಮೂರು-ನಾಲ್ಕು ಮಹಡಿಯ ಕಟ್ಟಡಗಳು ಎದ್ದಿವೆ. ಇಲ್ಲಿ ನಾಗಬನ ಇಲ್ಲ, ತೆಂಗಿನಕಾಯಿ ಇಲ್ಲ, ಕತ್ತಲೆ ಕೋಣೆಯೂ ಇಲ್ಲ. ಇರುವುದು ಮಣಿಪಾಲ. ಇಲ್ಲಿಂದ ಅಷ್ಟು ದೂರದಲ್ಲಿದ್ದರೂ ಬಾಡಿಗೆ ಹೇಳುವಾಗ ಓನರ ಪಕ್ಕದಲ್ಲೇ ಬಂದು ಕೂರುತ್ತದೆ. “ಮಣಿಪಾಲದಲ್ಲಿ ಇದಕ್ಕೆ ಎಷ್ಟಿತ್ತ್ ಗೊತ್ತಿತಾ?” ಗೊತ್ತಿದೆ ಸ್ವಾಮಿ, ಆದರೆ ಅಲ್ಲಿ ಕೊಡುವುದು ಡಾಕ್ಟರಿಕೆ ಓದುವ ಮಕ್ಕಳ ಅಪ್ಪಂದಿರು. ಇಲ್ಲಿ ಬರುವವರು ಬ್ಯಾಂಕಿನವರು, ಶಾಲೆಯ ಟೀಚರುಗಳು, ಮತ್ತೆ ದೊಡ್ಡ ಮನೆ ಗುಡಿಸಲು ಆಗದೆ ಬಂದ ನನ್ನ ಪ್ರಾಯದವರು. ಉಡುಪಿ ಕಡೆ ಕೆಲಸವಿದ್ದು ಕಾರಿದ್ದವರು ಮನೆ ಗುಂಡ್ಮಿಯ ಟೋಲಿನ ಆಚೆಯೋ ಈಚೆಯೋ ಅಂತಲೂ ಲೆಕ್ಕ ಹಾಕಬೇಕು.

ಫ್ಲ್ಯಾಟು ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟೆ. ಮಾರ್ಬಲ್ಲು, ಮಾಡ್ಯುಲರ್ ಕಿಚನ್ನು ನೋಡಬೇಡಿ, ಮೊದಲು ತಾರಸಿಗೆ ಹತ್ತಿ. ಮೇಲೆ ಶೀಟು ಹಾಕಿದ್ದಾರಾ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು; ಬೋಳು ತಾರಸಿಯ ಕೆಳಗಿನ ಮನೆಯಲ್ಲಿ ಆಷಾಢಕ್ಕೆ ಕೊಡೆ ಬಿಡಿಸಿ ಮಲಗಬೇಕಾದೀತು. ಶೀಟಿನ ಕೆಳಗೆ ಹಗ್ಗ ಕಟ್ಟಿದ ಗುರುತು ಇದೆಯಾ? ಇದ್ದರೆ ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ. ಯಾವ ಹಗ್ಗ ಯಾರದ್ದು ಎಂಬ ಜಗಳ ಮಾತ್ರ ತಪ್ಪದು. ಕೆಳಗಿಳಿದು ಪಡುದಿಕ್ಕಿನ ಗೋಡೆಗೆ ಅಂಗೈ ಇಡಿ. ಕಡಲಿನಿಂದ ಬರುವ ಗಾಳಿ ಮಳೆ ಬಡಿಯುವುದು ಅಲ್ಲಿಗೇ. ಸಜ್ಜಾ ಗಿಡ್ಡವಾಗಿದ್ದು ಆ ಗೋಡೆಗೊಂದಕ್ಕೇ ಹೊಸ ಬಣ್ಣ ಬಳಿದಿದ್ದರೆ ಬೂಸ್ಟು ಮುಚ್ಚಿದ್ದಾರೆ ಅಂತಲೇ ಅರ್ಥ. ಕಪಾಟಿನ ಒಳಗೆ ಮೂಗು ಹಾಕಿದರೆ ಖಾತ್ರಿಯಾಗುತ್ತದೆ. ನೀರು ಕೇಳುವುದಾದರೆ ಈಗ ಹೇಗಿದೆ ಅಂತ ಕೇಳಬೇಡಿ, ಮೇ ತಿಂಗಳಲ್ಲಿ ಹೇಗೆ ಅಂತ ಕೇಳಿ. ಹೊಳೆಬದಿಯ, ಕಡಲಬದಿಯ ಬಾವಿಗಳು ಆಗ ಉಪ್ಪಾಗುತ್ತವೆ. ಆ ನೀರಲ್ಲಿ ಚಹಾ ಮಾಡಿದರೆ ಸಕ್ಕರೆ ಎಷ್ಟು ಸುರಿದರೂ ಕುಡಿದವರು ಮುಖ ಕಿವುಚುತ್ತಾರೆ.

ಈಗ ಆ ಬ್ಯಾಂಕಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಹುಟ್ಟಿ ಬೆಳೆದದ್ದು ಬೆಂಗಳೂರು. ಅಜ್ಜಯ್ಯನ ಮನೆ ಮಾತ್ರ ಇಲ್ಲೇ ಪಕ್ಕದ ಊರು. ಆ ಮನೆ ಇವತ್ತಿಗೂ ನಿಂತಿದೆ, ಅವನಿಗೂ ಒಂದು ಪಾಲಿದೆ. ಆದರೆ ಪಾಲುದಾರರಲ್ಲಿ ಒಬ್ಬರು ಅಮೆರಿಕದಲ್ಲಿ, ಇಬ್ಬರಿಗೆ ಮಾತಿಲ್ಲ, ಬೀಗದ ಕೈ ಇನ್ನೊಬ್ಬರ ಹತ್ತಿರ. ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಈ ಊರುಗಳ ಮೂರು ತಲೆಮಾರಿನ ಕಥೆ ಬರೆದರು, ನಾಲ್ಕನೆಯದಕ್ಕೆ ಪಾಲುಪಟ್ಟಿಯೇ ಆಗದೆ ಮಣ್ಣಿಗೆ ಮರಳುವುದಾದರೂ ಹೇಗೆ? ಅಂತೂ ಹುಡುಗ ಸ್ವಂತ ಮನೆಯ ಬೀಗವನ್ನು ದಿನಾ ಬೈಕಿನಲ್ಲಿ ನೋಡುತ್ತ ಹೋಗಿ ಬಾಡಿಗೆ ಮನೆ ಹುಡುಕುತ್ತಿದ್ದ.

ಮಾಷ್ಟ್ರು ಅವನನ್ನು ಕರೆದುಕೊಂಡು ಹೋದದ್ದು ಒಂದು ಫ್ಲ್ಯಾಟಿಗೆ. ಎರಡನೇ ಮಹಡಿ, ಎರಡು ಬೆಡ್‌ರೂಮು, ಮೇಲೆ ಶೀಟು. ಓನರು ದುಬೈಯಲ್ಲಿ ದುಡಿದು ಬಂದ ಗಟ್ಟಿಗ. ಯಾರ ಮೊಮ್ಮಗ ಅಂತ ಎರಡೂ ಕಡೆ ವಿಚಾರಣೆ ನಡೆಯಿತು. ಹುಡುಗನ ಅಜ್ಜಯ್ಯನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ಈ ಓನರ ಅಜ್ಜಯ್ಯ! ಕಟ್ಟಡ ನಿಂತಿರುವುದೂ ಆ ಗದ್ದೆಯ ಒಂದು ಮೂಲೆಯಲ್ಲೇ.

“ಮತ್ತೆ?” ಅಂತ ನಾನು ಪಾಗಾರಕ್ಕೆ ಇನ್ನಷ್ಟು ಒತ್ತಿಕೊಂಡು ನಿಂತೆ.

“ಮತ್ತೆಂತ, ನಾನ್ ಸುಮ್ನೆ ಇದ್ದೆ. ಆ ಡಿಕ್ಲರೇಶನ್ ಬರ್ದ್ ಕೊಟ್ಟದ್ದೇ ನಾನ್. ಆಗ ಮಾಷ್ಟ್ರಿಕೆಗೆ ಹೊಸ್ತಾಗಿ ಸೇರಿದ್ದೆ. ಅವ್ರಜ್ಜಯ್ಯಂಗೆ ಬರೂಕೆ ಬತ್ತಿರ್ಲಿಲ್ಲೆ.”

ಹುಡುಗ ಬೆಂಗಳೂರಿನ ಚಾಲಾಕಿ. ಇಷ್ಟೆಲ್ಲ ಸಂಬಂಧ ಸಿಕ್ಕಿತಲ್ಲ, ಸ್ವಲ್ಪ ಚೌಕಾಸಿ ಮಾಡೋಣ ಅಂದುಕೊಂಡನಂತೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸೇ ಮಿತಿ, ನೀವು ಐದು ಕೇಳುತ್ತೀರಲ್ಲ ಅಂತ ಮೊಬೈಲು ತೆಗೆದು ತೋರಿಸಿದ. ಓನರು ನಕ್ಕು ಎರಡಕ್ಕೆ ಒಪ್ಪಿದರು. ಅದೇ ಉಮೇದಿನಲ್ಲಿ ಹುಡುಗ ಬಾಡಿಗೆಯಲ್ಲೂ ಐನೂರು ಬಿಡಿ ಅಂದ.

“ಅದ್ ಆಪುದಿಲ್ಲೆ” ಅಂದರಂತೆ ಓನರು. “ಕ್ಷಾಮದ್ ವರ್ಷ ನಿಮ್ಮಜ್ಜಯ್ಯ ಒಂದ್ ಸೇರ್ ಅಕ್ಕಿ ಬಿಟ್ಟವ್ರಲ್ಲ ಅಂಬ್ರ್.”

ಹುಡುಗ ತುಟಿ ಬಿಚ್ಚದೆ ಫೋನಿನಲ್ಲೇ ದುಡ್ಡು ಹಾಕಿದ. ಬರುವ ಒಂದನೇ ತಾರೀಕಿಗೆ ಹಾಲು ಉಕ್ಕಿಸುತ್ತಾನೆ, ನಮಗೂ ಹೇಳಿಕೆ ಬಂದಿದೆ. ಪಡುದಿಕ್ಕಿನ ಗೋಡೆಗೆ ಅಂಗೈ ಇಟ್ಟು ನೋಡಿದನಾ ಅಂತ ಮಾಷ್ಟ್ರ ಹತ್ತಿರ ಕೇಳಿದರೆ, “ಅದನ್ನ್ ನೀವೇ ಹೋಗಿ ಕಾಣಿ” ಅಂತ ಬಸಳೆಯ ಒಂದು ಹಿಡಿ ದಂಟು ಮುರಿದು ನನ್ನ ಕೈಗೆ ಕೊಟ್ಟರು.